ನುಡಿಸಬಹುದಾದ ಹೆಸರು

ಗುಂಡ್ಲುಪೇಟೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹಳಬರಿಗೆ ಅವರು ಜರ್ಮನಿ ಸಿಸ್ಟ್ರು. ನಮ್ಮ ಬೀದಿಯವರಿಗೆ ಸಿಸ್ಟ್ರಮ್ಮ. ನನಗೆ ಬರೀ ಸಿಸ್ಟರ್. ಕೊನೆಗೆ ಆಸ್ಪತ್ರೆಯಲ್ಲಿ ಪೂರ್ತಿ ಹೆಸರು ಕೇಳಿದಾಗ ನಾನೂ ಎದುರುಮನೆಯ ಮಾದಪ್ಪನವರೂ ಮುಖ ಮುಖ ನೋಡಿಕೊಂಡೆವು. ಆಧಾರ್ ಕಾರ್ಡಿನಲ್ಲಿದ್ದುದನ್ನು ಓದಿ ಹೇಳುವಾಗ ಬೇರೆ ಯಾರ ವಿಷಯವನ್ನೋ ಹೇಳುತ್ತಿದ್ದೇನೆ ಅನ್ನಿಸಿತು. ಇಲ್ಲಿಯೂ ಆ ಹೆಸರನ್ನು ಬರೆಯುವುದಿಲ್ಲ.

ನಾನು ಹರದನಹಳ್ಳಿಯವಳು. ಚಾಮರಾಜನಗರದಲ್ಲಿ ಬಹಳ ವರ್ಷ ಪಾಠ ಹೇಳಿ, ವರ್ಗವಾಗಿ ಹಂಗಳದ ಕಡೆಯ ಶಾಲೆಗೆ ಬಂದಾಗ ಗುಂಡ್ಲುಪೇಟೆಯಲ್ಲಿ ಬಾಡಿಗೆಗೆ ಮನೆ ಹಿಡಿದೆ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆ ಅವರದು. ಸಾಮಾನು ಇಳಿಸಿದ ದಿನವೇ, ದೀಪ ಹಚ್ಚುವ ಹೊತ್ತಿಗೆ, ಗೋಡೆಯಾಚೆಯಿಂದ ಹಾರ್ಮೋನಿಯಂ ಕೇಳಿಸಿತು. ನಾಲ್ಕೇ ಸ್ವರ. ಒಮ್ಮೆ ನುಡಿಸಿ, ಉಸಿರು ಬಿಡುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಅವೇ ನಾಲ್ಕು. ಹೀಗೆ ಸ್ವಲ್ಪ ಹೊತ್ತು ನಡೆದು ನಿಂತಿತು.

ನಾನು ಚಿಕ್ಕಂದಿನಲ್ಲಿ ಚಾಮರಾಜನಗರದ ವೀಣೆ ಮೇಷ್ಟರೊಬ್ಬರ ಬಳಿ ಹಾಡು ಕಲಿತವಳು. ಏನು ಕಿವಿಗೆ ಬಿದ್ದರೂ ಮನಸ್ಸು ತಾನಾಗಿ ಸರಿಗಮಕ್ಕೆ ಹೊಂದಿಸಿಕೊಳ್ಳುತ್ತದೆ. ನಿ, ಗ, ರಿ, ದ. ಯಾವ ರಾಗದ ಬಾಗಿಲನ್ನೂ ತಟ್ಟದ ಸಾಲು. ಯಾರೋ ಈಗಷ್ಟೇ ಕಲಿಯುತ್ತಿದ್ದಾರೆ ಅಂದುಕೊಂಡೆ. ಮರುದಿನವೂ ಅದೇ ಹೊತ್ತು, ಅವೇ ನಾಲ್ಕು. ಆ ವಾರವಿಡೀ ಅದೇ. ಕಲಿಯುವವರು ಇಷ್ಟು ದಿನ ಒಂದೇ ಕಡೆ ನಿಲ್ಲುವುದಿಲ್ಲ. ನನಗೆ ಒಂದು ಬಗೆಯ ಕಳವಳವಾಯಿತು. ಬಾಗಿಲು ತೆರೆಯುವವರಿಲ್ಲದ ಮನೆಯನ್ನು ಯಾರೋ ದಿನಾ ಬಂದು ತಟ್ಟಿ ಹೋಗುತ್ತಿರುವ ಹಾಗೆ.

ಎದುರಿನ ದಿನಸಿ ಅಂಗಡಿಗೆ ಹೋದಾಗ ಮಾದಪ್ಪನವರನ್ನು ಕೇಳಿದೆ. ಅವರು ಹಂಗಳದ ಹೊಲಮನೆಯವರು, ಅಂಗಡಿಗಾಗಿ ಪೇಟೆಗೆ ಬಂದವರು, ಸೋಮವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುವವರು.

"ಅದಾ? ಸಿಸ್ಟ್ರಮ್ಮ ಕಣ್ರವ್ವ. ನಾನು ಅಂಗ್ಡಿ ಮಡಗ್ದಾಗ್ನಿಂದ್ಲೂ ಕೇಳ್ತಾವ್ನಿ. ಒತ್ತು ಮುಳುಗ್ತು ಅಂದ್ರೆ ಅದೊಂದು. ಬ್ಯಾರೆ ಪದ ಬಾರ್ಸಿ ಅಂದ್ರೆ ಬಾರುಸ್ತಾರೆ, ಸಂದಾಗಿ ಬಾರುಸ್ತಾರೆ. ಆದ್ರೆ ಆ ಒತ್ನಲ್ಲಿ ಮಾತ್ರ ಅದೇ."

ಮೊದಲ ಸಲ ಅವರ ಮನೆಯೊಳಗೆ ಹೋದದ್ದು ಬಿ.ಪಿ. ನೋಡಿಸಿಕೊಳ್ಳಲು. ಊರಿನ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರೂ ಬೀದಿಯವರ ತೋಳಿಗೆ ಪಟ್ಟಿ ಕಟ್ಟುವುದನ್ನು ಬಿಟ್ಟಿರಲಿಲ್ಲ. ತೆಳ್ಳನೆಯ ನೆಟ್ಟನೆಯ ಹೆಂಗಸು. ತಿಳಿ ಬಣ್ಣದ ಕಾಟನ್ ಸೀರೆ. ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ. ಚಳಿಗಾಲದಲ್ಲೂ ಬೆಳಗಾದ ಕೂಡಲೇ ಮನೆಯ ಕಿಟಕಿಗಳನ್ನೆಲ್ಲ ಹಾರು ಹೊಡೆದು, ಒಳಗಿನ ಗಾಳಿ ಪೂರಾ ಹೋದಮೇಲೇ ಮುಚ್ಚುತ್ತಿದ್ದರು. ಜರ್ಮನಿಯಲ್ಲಿ ಕಲಿತ ಅಭ್ಯಾಸವಂತೆ. ಅಲ್ಲಿನ ಕಪ್ಪು ಬ್ರೆಡ್ಡನ್ನು ಮರೆಯಲಾಗದೆ ರಾಗಿ ಹಿಟ್ಟು ಬೆರೆಸಿ ಒಂದು ಬ್ರೆಡ್ಡು ಮಾಡುತ್ತಿದ್ದರು. ಇಟ್ಟಿಗೆಯಂತಿರುತ್ತಿತ್ತು. ಮಾದಪ್ಪನವರು ಅದನ್ನು ಮರ್ಯಾದೆಗೆ ತಿಂದು ಬಂದು ನನ್ನ ಬಳಿ ನೀರು ಕೇಳುತ್ತಿದ್ದರು.

ಹುಟ್ಟಿದ್ದು ಕಾಡಿನ ಆಚೆ, ವಯನಾಡಿನ ಒಂದು ಹಳ್ಳಿಯಲ್ಲಿ. ಹರೆಯಕ್ಕೆ ಕಾಲಿಡುವಾಗಲೇ ಚರ್ಚಿನ ಮೂಲಕ ನರ್ಸಿಂಗ್ ಕಲಿಯಲು ಜರ್ಮನಿಗೆ ಹೋದ ಹುಡುಗಿಯರಲ್ಲಿ ಒಬ್ಬರು. ಕೆಲವು ವರ್ಷ ಅಲ್ಲಿದ್ದು ವಾಪಸು ಬಂದರು. ಮದುವೆಯಾಗಲಿಲ್ಲ. ತವರಿನಲ್ಲೂ ನಿಲ್ಲದೆ ಕಾಡು ದಾಟಿ ಈಚೆ ಬಂದು ನೆಲೆಸಿದರು. ಬೀದಿಗೆ ಗೊತ್ತಿದ್ದುದು ಇಷ್ಟೇ. ಓಣಂ ಹತ್ತಿರ ಬಂದಾಗ ನಮ್ಮ ಹೊಲಗಳ ಚೆಂಡುಹೂವೆಲ್ಲ ಲಾರಿ ಹತ್ತಿ ಆ ಕಡೆ ಹೋಗುತ್ತದಲ್ಲ, ಆಗ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹೂವಿಗೆ ಎಷ್ಟು ಸುಲಭ ನೋಡಿ ಟೀಚರ್" ಎಂದು ಒಮ್ಮೆ ಅಂದಿದ್ದರು. ನನಗೆ ಆಗ ಅರ್ಥವಾಗಿರಲಿಲ್ಲ.

ನಾನು ಹಾಡುತ್ತೇನೆಂದು ಗೊತ್ತಾದ ಮೇಲೆ ಸಂಜೆಗಳು ಅವರ ಜಗಲಿಯಲ್ಲಿ ಕಳೆಯತೊಡಗಿದವು. ಮಾದಪ್ಪನವರೂ ಅಂಗಡಿಯನ್ನು ಹೆಂಡತಿಗೆ ವಹಿಸಿ ಬರುತ್ತಿದ್ದರು. ಭಜನೆಗೆ ಸಿನಿಮಾದವರ ಹಾಗೆ ಮೂರು ಮೂರು ಸ್ವರ ಒಟ್ಟಿಗೆ ಒತ್ತುವುದನ್ನು ಕಲಿಯಬೇಕೆಂಬುದು ಅವರ ಆಸೆ. ಆದರೆ ಮೂವರೂ ಒಂದೇ ಪೆಟ್ಟಿಗೆಯ ಮುಂದೆ ಕೂತರೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ನನ್ನದು ಸರಿಗಮ. ಮಾದಪ್ಪನವರದು ಮನೆ ಲೆಕ್ಕ: ಬಿಳಿ ಕೀಗಳಿಗೆ ಒಂದನೇ ಮನೆ, ಎರಡನೇ ಮನೆ, ನಡುವಿನ ಕರಿ ಕೀಗಳಿಗೆ ಒಂದೂವರೆ, ಎರಡೂವರೆ. ಸಿಸ್ಟರದು ಜರ್ಮನಿಯ ಅಕ್ಷರ.

"ನಿಮ್ಮ 'ಸ' ಎಲ್ಲಿದೆ ತೋರಿಸಿ" ಎಂದು ಅವರು ನನ್ನನ್ನು ಕೇಳಿದ್ದರು. ನಾನು ಐದನೇ ಮನೆ ಒತ್ತಿ, "ನಾನು ಹಾಡುವಾಗ ಇಲ್ಲಿ. ಗಂಡಸರು ಹಾಡಿದರೆ ಒಂದನೇ ಮನೆಗೆ ಹೋಗುತ್ತದೆ" ಎಂದೆ.

"ಅದು ಹೇಗೆ? ನಿನ್ನೆ ಅಲ್ಲಿದ್ದದ್ದು ಇವತ್ತು ಇಲ್ಲಿಗೆ ಬರ್ತದಾ?"

"ಎಲ್ಲಿ ಕೂತರೆ ಅದೇ ಸ, ಸಿಸ್ಟರ್."

"ಬಸ್ಸಿನ ಸೀಟ್ ಹಾಗೆ! ಟವಲ್ ಹಾಕಿದವರಿಗೆ" ಎಂದು ನಕ್ಕರು. "ಅಲ್ಲಿ ಹಾಗಿಲ್ಲ ಟೀಚರ್. ಒಂದೊಂದು ಸ್ವರಕ್ಕೂ ಬಾಗಿಲ ಮೇಲೆ ಬೋರ್ಡ್ ಇರ್ತದೆ. ಯಾರು ಹಾಡಿದ್ರೂ ಅದು ಅಲ್ಲೇ."

ಆ ಬೋರ್ಡುಗಳನ್ನು ಬಿಡಿಸಿ ಹೇಳಿದರು. ಇಂಗ್ಲಿಷಿನವರು ಎ ಅನ್ನುವುದನ್ನು ಜರ್ಮನಿಯವರು ಆ ಅನ್ನುತ್ತಾರೆ, ಡಿ ಅನ್ನುವುದನ್ನು ಡೇ, ಇ ಅನ್ನುವುದನ್ನು ಏ. ಅಕ್ಷರ ಅವೇ, ಉಚ್ಚಾರ ಬೇರೆ. ಏಳನೇ ಮನೆಗೆ ಬಂದಾಗ ಮಾತ್ರ ಅಕ್ಷರವೇ ಬೇರೆ. ಇಂಗ್ಲಿಷಿನವರು ಬಿ ಎನ್ನುವ ಆ ಬಿಳಿ ಕೀಯನ್ನು ಅವರು ಎಚ್ ಎಂದು ಬರೆಯುತ್ತಾರೆ, ಹಾ ಎಂದು ಕರೆಯುತ್ತಾರೆ. ಅವರಲ್ಲೂ ಬಿ ಉಂಟು, ಆದರೆ ಅದು ಪಕ್ಕದ ಕರಿ ಕೀ, ಆರೂವರೆ. ಯಾಕೆ ಹಾಗೆ ಎಂದರೆ, ಯಾವುದೋ ಕಾಲದಲ್ಲಿ ಎರಡು ಬಗೆಯ ಬಿ ಇದ್ದವಂತೆ, ಬರೆಯುತ್ತ ಬರೆಯುತ್ತ ಒಂದು ಎಚ್‌ನಂತೆ ಕಂಡು ಹಾಗೇ ಉಳಿಯಿತಂತೆ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ.

ಮಾದಪ್ಪನವರಿಗೆ ಈ ಹಾ ಹತ್ತಲಿಲ್ಲ. ಹೊಲ ಅವರ ಬಾಯಲ್ಲಿ ಒಲ, ಹಂಗಳ ಅಂಗಳ.

"ಹಾ ಒತ್ತಿ ಮಾದಪ್ಪ" ಎಂದರೆ ಅವರು "ಆ" ಎನ್ನುತ್ತ ಆರನೇ ಮನೆ ಒತ್ತುವರು.

"ಆ ಅಲ್ಲ, ಹಾ!"

"ಅದ್ನೇ ಕಣ್ರವ್ವ ನಾನೂ ಏಳ್ತಿರಾದು. ಆ!"

"ಆ ಅನ್ನೋ ಸ್ವರ ಬೇರೆ ಇದೆ! ಇದು ಹಾ!"

ಕೊನೆಗೆ ಸಿಸ್ಟರ್ ತಮ್ಮ ಕನ್ನಡಕ ತೆಗೆದು ಅವರ ಕೈಗೆ ಕೊಟ್ಟರು. "ಒರೆಸೋ ಮೊದಲು ಗಾಜಿನ ಮೇಲೆ ಉಸಿರು ಬಿಡ್ತೀರಲ್ಲ, ಬಿಡಿ." ಮಾದಪ್ಪನವರು ಬಾಯಿ ತೆರೆದು "ಹಾ" ಎಂದರು. ಗಾಜು ಮಂಜಾಯಿತು. "ಅದೇ! ಅದೇ ಆ ಸ್ವರ" ಎಂದು ಸಿಸ್ಟರ್ ಕೈ ತಟ್ಟಿದರು. ಅಂದಿನಿಂದ ಏಳನೇ ಮನೆಗೆ ಬಂದಾಗಲೆಲ್ಲ ಮಾದಪ್ಪನವರು ಕೈಯನ್ನು ಬಾಯಿಯ ಮುಂದೆ ಹಿಡಿಯುತ್ತಿದ್ದರು.

ಮೂರು ಸ್ವರ ಕೂಡಿಸುವ ಪಾಠ ಇನ್ನೂ ಕಷ್ಟವಾಯಿತು. ಇಂಗ್ಲಿಷಿನವರು ಮೈನರ್ ಎನ್ನುವ ಮಂಕು ಧ್ವನಿಯ ಕೂಟಕ್ಕೆ ಜರ್ಮನಿಯವರು ಮೋಲ್ ಎನ್ನುತ್ತಾರೆ. ಮೇಜರ್ ಎನ್ನುವ ಗೆಲುವಿನ ಕೂಟಕ್ಕೆ ಡೂರ್. ಸಿಸ್ಟರ್ "ಆ ಮೋಲ್" ಎಂದು ಒತ್ತಿ ತೋರಿಸಿದರು.

"ಆ ಮೊಲನಾ? ಯಾವ್ ಮೊಲ?" ಮಾದಪ್ಪನವರು ತಿರುಗಿ ನೋಡಿದರು. "ನಮ್ ಅಂಗಳದ ಒಲದಲ್ಲಿ ಬೇಕಾದಷ್ಟವೆ."

ಸಿಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾದಪ್ಪನವರು ಬಿಡದೆ ಮುಂದುವರಿಸಿದರು: "ಅಂಗಾರೆ ದುಕ್ಕದ್ದಕ್ಕೆ ಮೊಲ, ಸಂತೋಸದ್ದಕ್ಕೆ ದೂರ. ಸರೀನಾ?"

ಸಿಸ್ಟರ ನಗು ಹಾಗೇ ನಿಂತಿತು. "ಸರಿ ಮಾದಪ್ಪ" ಎಂದು ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ಒಳಗೆ ಹೋದರು. ಅಂದು ಆ ನಾಲ್ಕು ಸ್ವರಗಳನ್ನು ಎಂದಿಗಿಂತ ಹೆಚ್ಚು ಹೊತ್ತು ನುಡಿಸಿದರು. ನಾವಿಬ್ಬರೂ ಜಗಲಿಯಲ್ಲೇ ಕೂತಿದ್ದೆವು. ಆ ಹೊತ್ತಿನಲ್ಲಿ ಅವರಿಗೆ ಹತ್ತಿರ ಯಾರೂ ಇರುತ್ತಿರಲಿಲ್ಲ. ನಾವಿದ್ದರೂ ಇರುತ್ತಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ ಅವರ ಹಳೆಯ ಹಾರ್ಮೋನಿಯಂ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತೇನೋ. ಏಳನೇ ಮನೆಯ ರೀಡ್ ಮಾತ್ರ ಸತ್ತಿತ್ತು. ಒತ್ತಿದರೆ ಗಾಳಿ ಬರುತ್ತಿತ್ತು, ಸ್ವರ ಇಲ್ಲ. ಆ ಸಂಜೆ ಗೋಡೆಯಾಚೆಯಿಂದ ಮೊದಲು ಒಂದು ಉಸಿರು, ಆಮೇಲೆ ಮೂರು ಸ್ವರ ಕೇಳಿಸಿದವು. ಮತ್ತೆ ಉಸಿರು, ಮತ್ತೆ ಮೂರು ಸ್ವರ. ಮೈಸೂರಿಗೆ ರಿಪೇರಿಗೆ ಕಳಿಸಿದೆವು. ಪೆಟ್ಟಿಗೆ ಇಲ್ಲದ ದಿನಗಳಲ್ಲಿ ಸಿಸ್ಟರ್ ಸಂಜೆಯಾದರೆ ಜಗಲಿಯಿಂದ ಒಳಗೆ, ಒಳಗಿಂದ ಜಗಲಿಗೆ ಓಡಾಡುವರು. ಊಟ ಸೇರುತ್ತಿರಲಿಲ್ಲ.

ಮಾದಪ್ಪನವರಿಗೆ ಇದನ್ನು ನೋಡಲಾಗಲಿಲ್ಲ. ಭಜನೆಯವರು ಆಗಷ್ಟೇ ಒಂದು ಕೀಬೋರ್ಡ್ ಕೊಂಡಿದ್ದರು. ಕಲಿಯುವವರಿಗೆ ಸುಲಭವಾಗಲೆಂದು ಅಂಗಡಿಯವನು ಬಿಳಿ ಕೀಗಳ ಮೇಲೆ ಇಂಗ್ಲಿಷ್ ಅಕ್ಷರದ ಸ್ಟಿಕ್ಕರ್ ಅಂಟಿಸಿಕೊಟ್ಟಿದ್ದ. ಅದನ್ನೇ ಹೊತ್ತು ತಂದು ಅವರ ಜಗಲಿಯಲ್ಲಿಟ್ಟರು.

ಸಿಸ್ಟರ್ ಮಗುವಿನ ಹಾಗೆ ಸಂತೋಷಪಟ್ಟರು. ಕೂತು, ಹೊತ್ತು ಮುಳುಗುವುದನ್ನೂ ಕಾಯದೆ, ಆ ನಾಲ್ಕು ಸ್ವರ ಒತ್ತಿದರು. ಪಕ್ಕದಲ್ಲಿ ನಿಂತಿದ್ದ ಮಾದಪ್ಪನವರು ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತ ಸ್ಟಿಕ್ಕರಿನ ಅಕ್ಷರಗಳನ್ನು ಓದಿದರು.

"ಬಿ... ಇ... ಡಿ... ಎ..." ಇನ್ನೊಮ್ಮೆ ಕೂಡಿಸಿಕೊಂಡರು. ಮುಖ ಅರಳಿತು. "ಬೇಡ! ಅಯ್, ಬೇಡ ಅಂತ ಆಯ್ತದೆ ಕಣ್ರವ್ವ! ಇಷ್ಟ್ ವರ್ಸದಿಂದ ಬೇಡ ಬೇಡ ಅಂತ ಬಾರುಸ್ತಾ ಇದ್ದೀರಲ್ಲಾ, ಯಾರ್ಗೆ ಏನ್ ಬೇಡ್ವಂತೆ?"

ಅವರು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಸಿಸ್ಟರ್ ಕೈ ಹಿಂದೆ ತೆಗೆದುಕೊಂಡರು, ಕೀ ಸುಟ್ಟ ಹಾಗೆ. ಸ್ಟಿಕ್ಕರುಗಳನ್ನು ಒಂದೊಂದಾಗಿ ನೋಡಿದರು. ತುಟಿ ಅಲುಗಿತು. "ಈಶೋಯೇ" ಎಂದು ತಮ್ಮ ದೇವರನ್ನು ಕರೆದದ್ದು ಮಾತ್ರ ಕೇಳಿಸಿತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನಾನೇನಾರ ತಪ್ ಮಾತಾಡ್ಬುಟ್ನಾ?" ಎಂದು ಮಾದಪ್ಪನವರು ಕೇಳಿದರು.

ಮರುದಿನ ಬೆಳಿಗ್ಗೆ ಅವರ ಕಿಟಕಿಗಳು ತೆರೆಯಲಿಲ್ಲ. ಹೋಗಿ ಬಾಗಿಲು ತಟ್ಟೋಣವೆಂದು ಏಳುವಷ್ಟರಲ್ಲಿ ಅವರೇ ನನ್ನ ಅಡುಗೆಮನೆಗೆ ಬಂದರು. ಕೂರಿ ಎಂದರೂ ಕೂರದೆ, ಸಿಂಕಿಗೆ ಒರಗಿ ನಿಂತು ಹೇಳಿದರು.

"ಅದು ಹೆಸರು ಟೀಚರ್. ಹಾ, ಏ, ಡೇ, ಆ. ಆ ಅಕ್ಷರಗಳನ್ನ ಕೂಡಿಸಿ ಓದಿದ್ರೆ ಹೇಡ. ನನ್ನ ಮಗಳ ಹೆಸರು."

ಒಲೆಯ ಮೇಲಿನ ಹಾಲನ್ನು ನಾನು ಇಳಿಸಿದೆ. ಅವರು ನಿಲ್ಲಿಸಲಿಲ್ಲ.

ಜರ್ಮನಿಯ ಆ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನೊಬ್ಬನಿದ್ದ. ಇವರಿಗೆ ನುಡಿಸಲು ಕಲಿಸಿದವನೂ ಅವನೇ. ಮದುವೆಯಾಗುತ್ತೇನೆ ಎಂದಿದ್ದವನು ಆಗಲಿಲ್ಲ. ಮಗು ಹುಟ್ಟಿದಾಗ ನುಡಿಸಬಹುದಾದ ಹೆಸರೆಂದು ಆ ಹೆಸರನ್ನು ಇಟ್ಟ. ವರ್ಷ ತುಂಬುವ ಮೊದಲೇ ಬೇರೆ ಊರಿಗೆ ಹೊರಟುಹೋದ. ಇವರು ಡ್ಯೂಟಿಗೆ ಹೋಗುವಾಗ ಮಗುವನ್ನು ಮಕ್ಕಳಿಲ್ಲದ ದಂಪತಿಯ ಮನೆಯಲ್ಲಿ ಬಿಡುತ್ತಿದ್ದರು. ಆಮೇಲೆ ಆಸ್ಪತ್ರೆಯವರು ಊರಿನ ನರ್ಸುಗಳೇ ಸಾಕಷ್ಟಿದ್ದಾರೆಂದು ಹೊರಗಿನವರ ಕೆಲಸ ಮುಂದುವರಿಸಲಿಲ್ಲ. ಕೆಲಸವಿಲ್ಲದೆ ಅಲ್ಲಿರುವಂತಿಲ್ಲ. ಮದುವೆಯಿಲ್ಲದೆ ಹೆತ್ತ ಮಗುವನ್ನು ಎತ್ತಿಕೊಂಡು ವಯನಾಡಿನ ಮನೆಯ ಬಾಗಿಲಿಗೆ ಬರುವ ಧೈರ್ಯವಾಗಲಿಲ್ಲ. ಆ ದಂಪತಿ ನಮಗೇ ಕೊಡಿ ಎಂದರು. ಇವರು ಸಹಿ ಹಾಕಿದರು.

"ಅವರ ಮನೆಯಲ್ಲಿ ಪಿಯಾನೋ ಇತ್ತು. ಬೆರಳು ಹಿಡಿದು ಅವಳ ಹೆಸರು ಒತ್ತಿಸ್ತಿದ್ದೆ. ಕೊನೇ ದಿನ ಮಧ್ಯಾಹ್ನ ಹೇಳಿ ಹೊರಡೋಕೆ ಹೋದಾಗ ಸ್ಟೂಲ್ ಹತ್ತಿ ಕೂತು, ನೋಡು ಅಂತ, ಒಬ್ಬಳೇ ಒತ್ತಿದಳು. ಮೊದಲನೇ ಸಲ. ತಪ್ಪಿಲ್ಲದೆ. ಜಾಣೆ ಅಂದೆ. ಮತ್ತೆ ಒತ್ತಿದಳು. ಅವಳು ಒತ್ತುತಾ ಇರೋವಾಗ್ಲೇ ನಾನು ಎದ್ದು ಬಂದೆ. ಅತ್ತರೆ ಹೋಗೋಕಾಗಲ್ಲ ಅಂತ. ಗೇಟಿನ ತನಕ ಕೇಳಿಸ್ತಿತ್ತು. ತಿರುಗಿ ನೋಡಲಿಲ್ಲ."

ಇಲ್ಲಿ ದೀಪ ಹಚ್ಚುವ ಹೊತ್ತೆಂದರೆ ಅಲ್ಲಿ ಮಧ್ಯಾಹ್ನ. ಅವರು ದಿನವೂ ಅದಕ್ಕೆ ಉತ್ತರ ಕೊಡುತ್ತಿದ್ದರು.

"ಇಷ್ಟು ವರ್ಷ ಅವಳನ್ನ ಕರೀತಿದ್ದೀನಿ ಅಂದುಕೊಂಡಿದ್ದೆ. ಈ ಊರಲ್ಲಿ ಕೇಳಿದವರಿಗೆಲ್ಲ ಬೇಡ ಅಂತ ಕೇಳಿಸ್ತಿತ್ತಾ ಟೀಚರ್?"

"ಇಲ್ಲ ಸಿಸ್ಟರ್. ಯಾರಿಗೂ ಹಾಗೆ ಕೇಳಿಸಿಲ್ಲ. ಅದು ಆ ಸ್ಟಿಕ್ಕರ್..."

"ಅವಳಿಗೆ ಕೇಳಿಸಿರ್ತದೆ" ಎಂದರು. "ಅವಳಿಗೆ ಸ್ಟಿಕ್ಕರ್ ಬೇಕಾಗಿಲ್ಲ. ಬೇಡ ಅಂತಲೇ ಅಲ್ವಾ ನಾನು ಎದ್ದು ಬಂದದ್ದು, ಅವಳ ಲೆಕ್ಕದಲ್ಲಿ?"

ಆ ಮಾತು ಅವರನ್ನು ಮತ್ತೆ ಬಿಡಲಿಲ್ಲ. ಅಲ್ಲಿಯವರೆಗೆ ಮಗಳನ್ನು ಹುಡುಕುವ ಯೋಚನೆಯನ್ನೇ ಅವರು ಮಾಡಿರಲಿಲ್ಲ. ಹುಡುಕುವುದಿಲ್ಲವೆಂದು ಆ ದಂಪತಿಗೆ ಮಾತು ಕೊಟ್ಟಿದ್ದರಂತೆ. ಈಗ ನನ್ನ ಬಳಿ ಬಂದು, "ಅವಳನ್ನ ನೋಡೋದು, ಕರೆಸೋದು ಏನೂ ಇಲ್ಲ. ಬೇಡ ಅಂತ ಬಿಟ್ಟು ಬರಲಿಲ್ಲ ಅಂತ ಒಂದು ಸಲ ಹೇಳಬೇಕು. ಅಷ್ಟೇ" ಎಂದರು.

ಅವರ ಜೊತೆಗೇ ಹೋಗಿ ಅಲ್ಲೇ ಮದುವೆಯಾಗಿ ಉಳಿದ ನರ್ಸೊಬ್ಬರಿದ್ದರು. ಪ್ರತಿ ಕ್ರಿಸ್ಮಸ್ಸಿಗೆ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಸಿಸ್ಟರ ಬಳಿ ಇದ್ದುದು ಬಟನ್ನಿನ ಫೋನು, ಆದ್ದರಿಂದ ನನ್ನ ಫೋನಿನಿಂದ ಅವರನ್ನು ಕೇಳಿದೆವು. ಅವರು ಸಾಕಿದವರ ಸಂಬಂಧಿಕರನ್ನು ಹಿಡಿದು ವಿಚಾರಿಸಿದರು. ಸಾಕಿದ ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ಮಗಳು ಬೇರೊಂದು ಊರಿನಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದಾಳೆ ಎಂದು ಗೊತ್ತಾಯಿತು. ಅವಳು ಯೋಚಿಸಲು ಸಮಯ ಕೇಳಿದಳು. ಆ ಕಾಯುವ ದಿನಗಳಲ್ಲಿ ಹಾರ್ಮೋನಿಯಂ ರಿಪೇರಿಯಾಗಿ ಬಂತು. ಸಿಸ್ಟರ್ ಅದರ ಬಟ್ಟೆ ತೆಗೆಯಲಿಲ್ಲ. ಕೊನೆಗೊಂದು ಭಾನುವಾರ ಮಾತಾಡುತ್ತೇನೆ ಎಂದು ಹೇಳಿಕಳಿಸಿದಳು.

ಅಂದು ಬೆಳಿಗ್ಗೆಯೇ ಸಿಸ್ಟರ್ ಸ್ನಾನ ಮಾಡಿ, ತಲೆ ಬಾಚಿ, ನನ್ನ ಮನೆಗೆ ಬಂದು ಕೂತರು. ಮಾದಪ್ಪನವರಿಂದ ಕೀಬೋರ್ಡ್ ತರಿಸಿಕೊಂಡಿದ್ದರು. ಅದರ ಸ್ಟಿಕ್ಕರುಗಳನ್ನೆಲ್ಲ ಉಗುರಿನಿಂದ ಕೆರೆದು ಕಿತ್ತಿದ್ದರು.

ಫೋನಿನ ಪರದೆಯಲ್ಲಿ ಬಂದವಳಿಗೆ ಅವರದೇ ಹಣೆ, ಅವರದೇ ಮೂಗು. ತಲೆಯಲ್ಲಿ ಅಲ್ಲಲ್ಲಿ ನರೆ. ಜರ್ಮನ್ ಭಾಷೆಯಲ್ಲಿ ಮಾತಾಡಿದರು. ಸಿಸ್ಟರ ಮಾತು ತಡವರಿಸುತ್ತಿತ್ತು, ಎಷ್ಟೋ ವರ್ಷ ಬಳಸದ ಭಾಷೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಅವಳು ಪ್ರತಿ ಮಾತಿನಲ್ಲೂ "ಝೀ" ಎನ್ನುತ್ತಿದ್ದಳು ಮತ್ತು ಅದು ಬಂದಾಗಲೆಲ್ಲ ಸಿಸ್ಟರ ಕೈ ಸೆರಗನ್ನು ಹಿಂಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರು ಕೀಬೋರ್ಡ್ ಎಳೆದುಕೊಂಡು ಆ ನಾಲ್ಕು ಸ್ವರ ನುಡಿಸಿದರು. ಅವಳು ತಲೆ ಓರೆ ಮಾಡಿ ಕೇಳಿದಳು. ಏನೋ ಹೇಳಿ ಮುಗುಳ್ನಕ್ಕಳು. ಕರೆ ಮುಗಿಯಿತು.

"ಚೆನ್ನಾಗಿದೆ ಅಂದಳು" ಎಂದರು ಸಿಸ್ಟರ್. "ಯಾವ ಹಾಡು ಅಂತ ಕೇಳಿದಳು."

ಅವಳಿಗೆ ಆ ಹೆಸರೇ ಗೊತ್ತಿರಲಿಲ್ಲ. ಸಾಕಿದವರು ಹೆಸರು ಬದಲಿಸಿದ್ದರು. ಅವಳು ಕತ್ರೀನ್.

"ನೀವು ಹೇಳಬೇಕೆಂದಿದ್ದದ್ದು?" ಎಂದು ಕೇಳಿದೆ.

"ಹೇಳಲಿಲ್ಲ. ಅವಳು ಝೀ ಅಂತಾಳೆ ಟೀಚರ್. ನಮ್ಮ 'ತಾವು' ಇದ್ದ ಹಾಗೆ ಅದು. ಹತ್ತಿರದವರಿಗೆ 'ಡೂ' ಅಂತಾರೆ, 'ನೀನು' ಅಂದ ಹಾಗೆ. ಡಾಕ್ಟರಿಗೆ, ಬ್ಯಾಂಕಿನವರಿಗೆ ಝೀ. ಅಮ್ಮನಿಗೆ ಯಾರೂ ಝೀ ಅನ್ನಲ್ಲ. ತಾವು ಅನ್ನೋರ ಮುಂದೆ ಆ ಮಾತು ಹೇಗೆ ಹೇಳ್ಲಿ? ಅವಳು ಒಂದು ಸಲ ನೀನು ಅನ್ನಲಿ, ಹೇಳ್ತೀನಿ."

ಅಂದಿನಿಂದ ಸಂಜೆಯ ಸ್ವರಗಳು ನಿಂತವು. ಯಾಕೆಂದು ಕೇಳಿದ್ದಕ್ಕೆ, "ಅವಳ ಈಗಿನ ಹೆಸರಲ್ಲಿ ನುಡಿಸೋಕೆ ಒಂದೇ ಒಂದು ಸ್ವರ ಇದೆ. ಆ. ಮಿಕ್ಕಿದ ಅಕ್ಷರಕ್ಕೆ ಕೀ ಇಲ್ಲ" ಎಂದರು. ಬೀದಿ ಅದನ್ನು ಗಮನಿಸಿತು. ದೀಪದ ಹೊತ್ತಿಗೆ ಹೆಂಗಸರು ಬಾಗಿಲಿಗೆ ಬಂದು ಸುಮ್ಮನೆ ನಿಂತು ಒಳಗೆ ಹೋಗುತ್ತಿದ್ದರು. ಮಾದಪ್ಪನವರು ಅಂಗಡಿಯ ದೀಪ ಹಚ್ಚುವುದನ್ನೇ ಮರೆಯುತ್ತಿದ್ದರು. ನನಗಂತೂ ಆ ಸ್ವರಗಳು ನಿಂತ ಮೇಲೆ ಹೆಚ್ಚು ಕೇಳಿಸತೊಡಗಿದವು. ಹಿಂದಕ್ಕೆ ಬರುವ ಲಾರಿಯ ಸದ್ದಿನಲ್ಲಿ, ಕುಕ್ಕರಿನ ಮೊದಲ ಸೀಟಿಯಲ್ಲಿ, ಶಾಲೆಯ ತುಕ್ಕು ಹಿಡಿದ ಗೇಟಿನಲ್ಲಿ. ಪಾಠದ ನಡುವೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮಕ್ಕಳು ನನ್ನನ್ನೇ ನೋಡುತ್ತಿದ್ದರು.

ಕತ್ರೀನ್ ಭಾನುವಾರಗಳಂದು ಕರೆ ಮಾಡುವುದನ್ನು ಬಿಡಲಿಲ್ಲ. ಮಾತು ಚಿಕ್ಕದು. ಹವೆ ಹೇಗಿದೆ, ಮಂಡಿ ನೋವು ಹೇಗಿದೆ. ಒಮ್ಮೆ ಮಾದಪ್ಪನವರು ಪರದೆಯೊಳಗೆ ತಲೆ ತೂರಿಸಿ, "ಚೆಂದಾಗಿದ್ದೀಯೇನವ್ವ? ಉಂಡ್ಯಾ?" ಎಂದರು. ಅವಳು ನಕ್ಕು ಅಮ್ಮನನ್ನು ಅರ್ಥ ಕೇಳಿದಳು. ಸಿಸ್ಟರ್ ಹೇಳಿದರು. "ನೋಡಿ, ಮಾದಪ್ಪ ಮೊದಲ ದಿನವೇ ನೀನು ಅಂದುಬಿಟ್ಟರು" ಎಂದು ಆಮೇಲೆ ನನಗೆ ಅಂದರು. ಪ್ರತಿ ಭಾನುವಾರ ಕರೆ ಮುಗಿದಾಗ ನಾನು ಅವರ ಮುಖ ನೋಡುತ್ತಿದ್ದೆ. ಅವರು ಇಲ್ಲವೆಂದು ತಲೆಯಾಡಿಸುತ್ತಿದ್ದರು.

ಕಳೆದ ವರ್ಷ ಚೆಂಡುಹೂವಿನ ಕೊಯ್ಲಿನ ಕಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಕಿಟಕಿ ತೆರೆಯಲು ಹೋಗಿ ಅಲ್ಲೇ ಬಿದ್ದಿದ್ದರು. ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದೆವು. ಮಾತು ಹೋಗಿತ್ತು. ಕಣ್ಣು ಒಮ್ಮೊಮ್ಮೆ ತೆರೆಯುತ್ತಿತ್ತು, ಯಾರನ್ನೂ ಗುರುತಿಸಿದಂತೆ ಕಾಣುತ್ತಿರಲಿಲ್ಲ. ನಾನು ಕತ್ರೀನ್‌ಗೆ ನನಗೆ ತಿಳಿದ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದೆ. ಅವಳು ವೀಸಾ ಸಿಕ್ಕಿದ ತಕ್ಷಣ ಹೊರಡುತ್ತೇನೆ ಎಂದಳು.

ಅಷ್ಟು ದಿನ ಇರಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಹತ್ತಿರದವರಿದ್ದರೆ ತಿಳಿಸಿಬಿಡಿ ಎಂದರು. ನಾನು ಅವಳಿಗೆ ಫೋನ್ ಮಾಡಿದೆ. ಅವಳು ಅಂಗಡಿಯಲ್ಲಿದ್ದಳು. "ಅವರ ಕಿವಿಯ ಹತ್ತಿರ ಹಿಡಿಯುತ್ತೀರಾ?" ಎಂದು ಕೇಳಿದಳು. ಹಿಡಿದೆ.

ಅವಳು ಬಹಳ ಹೊತ್ತು ಮಾತಾಡಿದಳು. ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ. ನಾನು ಬಾಗಿ ನಿಂತಿದ್ದರಿಂದ ನನಗೂ ಕೇಳಿಸುತ್ತಿತ್ತು. ಒಂದು ಕಡೆ ಮಾತನ್ನು ಅರ್ಧಕ್ಕೆ ಬಿಟ್ಟಳು. ಮತ್ತೆ ಶುರುಮಾಡಿದಾಗ ಮೊದಲ ಮಾತೇ "ಡೂ". ನನ್ನ ಕಿವಿ ತಪ್ಪಿರಬಹುದೆಂದು ಉಸಿರು ಬಿಗಿ ಹಿಡಿದೆ. ಮತ್ತೆ ಡೂ. ಮತ್ತೆ. ಝೀ ಎಲ್ಲೂ ಬರಲಿಲ್ಲ.

ಸಿಸ್ಟರ ಕಣ್ಣು ಮುಚ್ಚಿತ್ತು. ನಾನು ಇನ್ನೊಂದು ಕಿವಿಗೆ ಬಾಯಿಟ್ಟು, "ನೀನು ಅಂದಳು ಸಿಸ್ಟರ್. ಕೇಳಿಸ್ತಾ? ನೀನು ಅಂತಿದ್ದಾಳೆ" ಎಂದೆ. ಅವರ ಬೆರಳುಗಳು ಹೊದಿಕೆಯ ಮೇಲೆ ಇದ್ದ ಹಾಗೇ ಇದ್ದವು. ಕಾಲ ಬಳಿ ನಿಂತಿದ್ದ ಮಾದಪ್ಪನವರು ಗೋಡೆಯ ಕಡೆ ತಿರುಗಿಕೊಂಡರು. ಸಂಜೆಯೊಳಗೆ ಎಲ್ಲ ಮುಗಿಯಿತು.

ಮಣ್ಣು ಮಾಡಿದ ಮೇಲಿನ ಭಾನುವಾರ ನನ್ನ ಫೋನ್ ಅದೇ ಹೊತ್ತಿಗೆ ಬಡಿದುಕೊಂಡಿತು. ಎತ್ತಲು ಕೈ ಬರಲಿಲ್ಲ. ಎರಡನೇ ಸಲ ಬಡಿದಾಗ ಎತ್ತಿದೆ. ಕತ್ರೀನ್ ಕೇಳಿದ್ದು ಒಂದೇ ಪ್ರಶ್ನೆ. "ಅಂದು ನಾನು ಆಡಿದ್ದು ಅವರಿಗೆ ಕೇಳಿಸಿತಾ?"

"ಗೊತ್ತಿಲ್ಲ" ಎಂದೆ. ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

ಅವಳು ಸರಿ ಎಂದಳು. ಆಮೇಲೆ ನಾನು, ನನ್ನ ಶಾಲೆಯ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿ ಜೋಡಿಸಿ, ಅವಳ ತಾಯಿ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ. ಬೇಡವೆಂದು ನಿನ್ನನ್ನು ಬಿಟ್ಟು ಬರಲಿಲ್ಲ. ನೀನು ಪಿಯಾನೋ ಒತ್ತುತ್ತಿದ್ದೆ. ಗೇಟಿನ ತನಕ ಕೇಳಿಸುತ್ತಿತ್ತಂತೆ.

ಆ ಕಡೆಯಿಂದ ಏನೂ ಸದ್ದು ಬರಲಿಲ್ಲ. ಅವಳು ಫೋನ್ ಇಟ್ಟಿರಬೇಕು ಅಂದುಕೊಂಡೆ.

ಇಟ್ಟಿರಲಿಲ್ಲ. ಅವಳ ಉಸಿರು ಕೇಳಿಸಿತು.